ಕೆರೆಯಂಚಿನ ಜಲಕಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ದಡದಲ್ಲಿ ಕೆಲಸ ಮಾಡುತ್ತ ನಿಂತಾಗ ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇನೆ. ಹೊಸಬರು ಮೊದಲಿನಿಂದ ಓದಲಿ. ಈಗಾಗಲೇ ಕೆಸರಿಗೆ ಇಳಿದವರು ತಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಪ್ರಶ್ನೆಗಳು

ನೀರಲ್ಲಿ ಗಿಡ ಇರೋದೇ ತಪ್ಪಾ? ಪೂರ್ತಿ ಕಿತ್ತು ಹಾಕಿದ್ರೆ ಕೆರೆ ಚೊಕ್ಕ ಆಗಲ್ವಾ?

ಆಗುವುದಿಲ್ಲ. ಆಳವಿಲ್ಲದ ಕೆರೆ ಸಾಮಾನ್ಯವಾಗಿ ಎರಡರಲ್ಲೊಂದು ಸ್ಥಿತಿಯಲ್ಲಿ ನೆಲೆ ನಿಲ್ಲುತ್ತದೆ. ಒಂದೋ ತಳದಲ್ಲಿ ಗಿಡಗಳಿದ್ದು ನೀರು ತಿಳಿಯಾಗಿರುತ್ತದೆ, ಇಲ್ಲವೇ ಗಿಡಗಳೇ ಇಲ್ಲದೆ ನೀರು ಪಾಚಿಗಟ್ಟಿ ಹಸಿರು ರಾಡಿಯಾಗಿರುತ್ತದೆ. ಗಿಡದ ಬೇರು ಹೂಳನ್ನು ಏಳದಂತೆ ಹಿಡಿದಿಡುತ್ತದೆ. ಎಲೆಗಳ ಮರೆಯಲ್ಲಿ ಬದುಕುವ ಡ್ಯಾಫ್ನಿಯಾದಂಥ ಸೂಕ್ಷ್ಮ ಜೀವಿಗಳು ಪಾಚಿಯನ್ನು ತಿಂದು ನೀರು ಸೋಸುತ್ತವೆ. ಮೀನಿನ ಮರಿಗೆ ಅಡಗುತಾಣ ಸಿಗುತ್ತದೆ. ಅಲೆಯ ಹೊಡೆತ ಅಂಚಿಗೆ ಬರುವ ಮುಂಚೆಯೇ ತಗ್ಗುವುದರಿಂದ ದಡ ಕುಸಿಯುವುದಿಲ್ಲ. ಇಷ್ಟೆಲ್ಲ ಕೆಲಸ ಮಾಡುವ ಗಿಡಗಳನ್ನು ಒಂದೇ ಸಲಕ್ಕೆ ಬೋಳಿಸಿದರೆ ಕೆರೆ ಎರಡನೆಯ ಸ್ಥಿತಿಗೆ ಜಾರುತ್ತದೆ. ಅಲ್ಲಿಂದ ಅದನ್ನು ಮೇಲೆತ್ತುವುದು ಕಳೆ ಕೀಳುವುದಕ್ಕಿಂತ ಎಷ್ಟೋ ಪಾಲು ಕಷ್ಟ.

ಹಾಗಾಗಿ ನಾವು ನಿಭಾಯಿಸಬೇಕಾದದ್ದು ಎರಡನ್ನು: ಹೊರಗಿನಿಂದ ಬಂದು ಎಲ್ಲವನ್ನೂ ಮುಚ್ಚಿಹಾಕುವ ಗಿಡವನ್ನು, ಮತ್ತು ಸ್ಥಳೀಯವೇ ಆದರೂ ಅತಿ ಗೊಬ್ಬರದಿಂದ ಮಿತಿಮೀರಿದ ಗಿಡವನ್ನು.

ನಮ್ಮ ದಡದಲ್ಲಿರೋದು ಯಾವ ಕಳೆ ಅಂತ ಗೊತ್ತಾಗೋದು ಹೇಗೆ?

ಮೊದಲು ಅದು ನಿಂತ ರೀತಿ ನೋಡಿ. ಬೇರು ನೀರಿನಲ್ಲೇ ತೂಗಾಡುತ್ತಿದ್ದು, ತಳ್ಳಿದರೆ ಸರಿಯುವುದು ತೇಲುವ ಕಳೆ: ನೇರಳೆ ಹೂ ಬಿಡುವ, ತೊಟ್ಟು ಉಬ್ಬಿದ ವಾಟರ್ ಹಯಸಿಂತ್, ಎಲೆಕೋಸಿನ ಎಳೆ ಗೆಡ್ಡೆಯಂತೆ ಕಾಣುವ ಅಂತರಗಂಗೆ, ತೇಲುವ ಜರೀಗಿಡವಾದ ಸಾಲ್ವೀನಿಯಾ, ಕಾಳಿನಷ್ಟು ಚಿಕ್ಕ ಎಲೆಯ ಡಕ್‌ವೀಡ್. ಅನೇಕ ಕಡೆ ಹಯಸಿಂತನ್ನೂ ಅಂತರಗಂಗೆ ಎಂದೇ ಕರೆಯುವುದರಿಂದ ಹೆಸರು ಕೇಳಿ ನಿರ್ಧಾರ ಮಾಡಬೇಡಿ, ಗಿಡ ನೋಡಿ ಮಾಡಿ. ಬೇರು ತಳದಲ್ಲಿದ್ದು ಇಡೀ ಮೈ ನೀರಿನೊಳಗಿರುವುದು ಮುಳುಗಿದ ಕಳೆ: ಹೈಡ್ರಿಲ್ಲಾ, ಗರಿಯಂಥ ಎಲೆಯ ಮಿಲ್‌ಫಾಯಿಲ್. ಕಾಲು ನೀರಲ್ಲಿ, ತಲೆ ಗಾಳಿಯಲ್ಲಿ ಇಟ್ಟು ನಿಲ್ಲುವುದು ಜೊಂಡು, ಆಪು, ಲಾಳದಕಡ್ಡಿಯ ಜಾತಿಯವು. ಬೇರು, ಎಲೆ ಯಾವುದೂ ಇಲ್ಲದೆ ಕೈಗೆ ಲೋಳೆಯಾಗಿ ಅಥವಾ ಒದ್ದೆ ಹತ್ತಿಯಂತೆ ಸಿಗುವುದು ಪಾಚಿ.

ಹೈಡ್ರಿಲ್ಲಾವನ್ನು ಅದರಂತೆಯೇ ಕಾಣುವ ಎಲೋಡಿಯಾದಿಂದ ಬೇರ್ಪಡಿಸಲು ಒಂದು ಎಳೆಯನ್ನು ಅಂಗೈ ಮೇಲೆ ಹರಡಿ, ಒಂದು ಗಿಣ್ಣಿನ ಸುತ್ತ ಎಷ್ಟು ಎಲೆ ಇವೆ ಎಂದು ಎಣಿಸಿ. ಮೂರಿದ್ದರೆ ಬಹುಪಾಲು ಎಲೋಡಿಯಾ. ನಾಲ್ಕರಿಂದ ಎಂಟು, ಹೆಚ್ಚಾಗಿ ಐದು ಇದ್ದು, ಎಲೆಯಂಚು ಗರಗಸದಂತಿದ್ದು, ಬೆರಳಾಡಿಸಿದರೆ ತರಿತರಿ ಎನಿಸಿದರೆ ಹೈಡ್ರಿಲ್ಲಾ. ಇನ್ನೊಂದು, ಹಿಸುಕಿದರೆ ಬೆಳ್ಳುಳ್ಳಿ ನಾತ ಬರುವ, ಗರಗರ ಎನ್ನುವ ಕೇರಾ ಸಿಕ್ಕರೆ ಅದನ್ನು ಬಿಟ್ಟುಬಿಡಿ. ಗಿಡದಂತೆ ಕಂಡರೂ ಅದು ಪಾಚಿಯ ಕುಲದ್ದು, ತಳವನ್ನು ಹಿಡಿದಿಟ್ಟು ನೀರನ್ನು ತಿಳಿಯಾಗಿಸುತ್ತದೆ.

ಹೋದ ತಿಂಗಳು ಒಂದು ಮೂಲೇಲಿತ್ತು, ಈಗ ಅರ್ಧ ಕೆರೆ! ಇದು ಹೇಗೆ ಸಾಧ್ಯ?

ಒಂದು ಹಯಸಿಂತ್ ಗಿಡವನ್ನು ನೀರಿನಿಂದ ಎತ್ತಿ ತಲೆಕೆಳಗೆ ಹಿಡಿದು ನೋಡಿ. ಕಪ್ಪು ನವಿಲುಗರಿಯಂಥ ಬೇರಿನ ಗುಚ್ಛ ಜೋತುಬೀಳುತ್ತದೆ. ಬುಡದಿಂದ ಬೆರಳುದ್ದದ ಬಿಳಿ ಬಳ್ಳಿಯೊಂದು ಅಡ್ಡಕ್ಕೆ ಹೊರಟು, ಅದರ ತುದಿಯಲ್ಲಿ ಮರಿಗಿಡ ಕೂತಿರುತ್ತದೆ. ಆ ಮರಿಗೂ ಆಗಲೇ ಒಂದು ಬಳ್ಳಿ ಚಿಗುರಿರುತ್ತದೆ. ಇದಕ್ಕೆ ಬೀಜದ ಹಂಗಿಲ್ಲ. ಬಿಸಿಲು, ಗೊಬ್ಬರ ಎರಡೂ ಸಿಕ್ಕಿದರೆ ಒಂದೆರಡು ವಾರದಲ್ಲಿ ದುಪ್ಪಟ್ಟಾಗುತ್ತದೆ.

ಲೆಕ್ಕ ಹಾಕಿ: ಎರಡು ವಾರಕ್ಕೊಮ್ಮೆ ದುಪ್ಪಟ್ಟಾದರೆ, ಇವತ್ತು ಅರ್ಧ ಮುಚ್ಚಿದ ಕೆರೆ ಎರಡು ವಾರಕ್ಕೆ ಪೂರ್ತಿ ಮುಚ್ಚುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ತೆಗೆದು "ಸಾಕು" ಎಂದು ಮನೆಗೆ ಹೋದರೆ, ಉಳಿದ ಒಂದು ಪಾಲು ಏಳು ವಾರದೊಳಗೆ ಮೊದಲಿನಷ್ಟೇ ಆಗಿರುತ್ತದೆ. ದೊಡ್ಡ ಶ್ರಮದಾನದ ಫೋಟೊ ಬಂದ ಎರಡು ತಿಂಗಳಿಗೆ ಅದೇ ಕೆರೆ ಹಸಿರು ಹೊದ್ದು ಮಲಗಿರುವುದು ಇದಕ್ಕೇ.

ಮೂರು ಸಲ ತೆಗೆಸಿದ್ವಿ, ಮೂರು ಸಲವೂ ಬಂತು. ಇದಕ್ಕೆ ಬುಡ ಎಲ್ಲಿದೆ?

ಬುಡ ಹೆಚ್ಚಾಗಿ ದಡದ ಮೇಲಿದೆ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು 226ನೇ ಸಂಖ್ಯೆಯ ಸರೋವರವನ್ನು ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು. ಒಂದಕ್ಕೆ ಮಾತ್ರ ಅದರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಪಾಚಿಯಿಂದ ದಟ್ಟ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಒಂದು ಕಿಲೋ ರಂಜಕ ಸುಮಾರು 500 ಕಿಲೋ ಹಸಿ ಪಾಚಿಯನ್ನು ಸಾಕಬಲ್ಲದು ಎಂಬುದು ಈ ಕ್ಷೇತ್ರದವರ ಬಾಯಲ್ಲಿರುವ ಲೆಕ್ಕ.

ಆ ರಂಜಕ ಬರುವುದು ಚರಂಡಿಯಿಂದ, ಸೋರುವ ಶೌಚಗುಂಡಿಯಿಂದ, ಹೊಲ ಮತ್ತು ಹುಲ್ಲುಹಾಸಿಗೆ ಹಾಕಿದ ಗೊಬ್ಬರದಿಂದ, ಮಳೆಗೆ ಕೊಚ್ಚಿ ಬಂದ ಮಣ್ಣಿನಿಂದ. ಮೊದಲ ಜೋರು ಮಳೆ ಬಿದ್ದ ದಿನ ಕೊಡೆ ಹಿಡಿದು ಕೆರೆಯ ಸುತ್ತ ಒಂದು ಸುತ್ತು ಬನ್ನಿ. ಎಲ್ಲೆಲ್ಲಿ ಕಂದು ನೀರು, ನೊರೆ, ನಾತ ಒಳಗೆ ಬರುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಕಳೆ ತೆಗೆಸಲು ಇಟ್ಟ ಹಣದಲ್ಲಿ ಒಂದು ಪಾಲನ್ನು ಆ ಜಾಗಗಳಿಗೆ ತೆಗೆದಿಡಿ ಎಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಕಳೆಗೂ ಸೊಳ್ಳೆಗೂ ಸಂಬಂಧ ಇದ್ಯಾ?

ಇದೆ. ಅಲೆಯಿಲ್ಲದ, ಮೀನು ನುಗ್ಗಲಾಗದ ದಟ್ಟ ಕಳೆ ಸೊಳ್ಳೆಯ ಮರಿಗಳಿಗೆ ಒಳ್ಳೆಯ ಜಾಗ. ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಯ ಮರಿಯಂತೂ ಉಸಿರಿಗೆ ಮೇಲೆ ಬರುವುದೇ ಇಲ್ಲ. ಅದು ಅಂತರಗಂಗೆ, ಹಯಸಿಂತ್‌ನ ಬೇರಿಗೆ ಕೊಳವೆ ಚುಚ್ಚಿ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಅದಕ್ಕೆ ನೀರಿನ ಮೇಲೆ ಎಣ್ಣೆ ಬಿಟ್ಟು ಫಲವಿಲ್ಲ, ಗಿಡ ಹೋದರೆ ಅದೂ ಹೋಗುತ್ತದೆ.

## ಕೈಯಿಂದ ಮಾಡುವ ಕೆಲಸ

ಯಾವಾಗ ಶುರು ಮಾಡಿದ್ರೆ ಒಳ್ಳೇದು?

ಗಿಡ ಕಡಿಮೆ ಇರುವಾಗ, ಹೂ ಬಿಡುವ ಮುಂಚೆ. ಹಯಸಿಂತ್ ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದು ಕೂತಿರಬಲ್ಲದು. ಒಂದು ಸಲ ಬೀಜ ಕಟ್ಟಲು ಬಿಟ್ಟರೆ ಮುಂದಿನ ತಲೆಮಾರಿಗೂ ಕೆಲಸ ಉಳಿಸಿದ ಹಾಗೆ. ನೀರು ಇಳಿದು ಕೆಸರು ಬಿಸಿಲಿಗೆ ಬಿದ್ದಾಗ ಆ ಬೀಜಗಳು ಮೊಳೆಯುತ್ತವೆ. ನೀರು ಇಳಿದ ಅಂಚನ್ನು ವಾರಕ್ಕೊಮ್ಮೆ ನಡೆದು ನೋಡಿ, ಎರಡೆಲೆಯ ಸಸಿಗಳನ್ನು ಚಿವುಟಿ ತೆಗೆಯಿರಿ. ಆಗ ಒಂದು ಬುಟ್ಟಿಯಲ್ಲಿ ಮುಗಿಯುವ ಕೆಲಸ ಮುಂದೆ ಲಾರಿ ಕೇಳುತ್ತದೆ.

ಮನೆ ಎದುರಿನ ದಡ ಎಷ್ಟು ಬಿಡಿಸಬಹುದು?

ನೀರಿಗಿಳಿಯಲು, ದೋಣಿ ಕಟ್ಟಲು ಬೇಕಾದಷ್ಟು ದಾರಿ ಮಾತ್ರ ಬಿಡಿಸಿ. ನಾಲ್ಕೈದು ಮೀಟರ್ ಅಗಲದ ಒಂದು ಓಣಿ ಹೆಚ್ಚಿನವರಿಗೆ ಸಾಕು. ಅದನ್ನು ದಡಕ್ಕೆ ನೇರವಾಗಿ ತೆಗೆಯದೆ ಸ್ವಲ್ಪ ಓರೆಯಾಗಿ ತೆಗೆದರೆ ಅಲೆ ನೇರ ಬಂದು ಮಣ್ಣು ಕೊರೆಯುವುದಿಲ್ಲ. ಇಕ್ಕೆಲದ ಸ್ಥಳೀಯ ಗಿಡಗಳನ್ನು ಹಾಗೇ ಬಿಡಿ. ಕೆಲಸಕ್ಕೆ ಮುಂಚೆ ಕೆರೆಯ ಹೊಣೆ ಹೊತ್ತ ಇಲಾಖೆಯ ಅನುಮತಿ ಬೇಕೇ ಎಂದು ವಿಚಾರಿಸಿ. ದಡ ನಿಮ್ಮದಾದರೂ ನೀರು ಹೆಚ್ಚಿನ ಕಡೆ ನಿಮ್ಮದಲ್ಲ.

ತೇಲೋ ಕಳೇನ ಕಡಿಮೆ ಜನ ಇಟ್ಕೊಂಡು ತೆಗೆಯೋದು ಹೇಗೆ?

ಗಾಳಿಯನ್ನು ಕೂಲಿಗೆ ಕರೆಯಿರಿ. ಗಾಳಿ ಬೀಸುವ ದಿಕ್ಕಿನ ಕೊನೆಯ ದಡಕ್ಕೆ ಕಳೆ ತಾನಾಗಿ ಬಂದು ಒಟ್ಟುತ್ತದೆ. ನಾಲ್ಕಾರು ದಿನ ನೋಡಿ, ಯಾವ ಹೊತ್ತಿಗೆ ಎಲ್ಲಿ ಸೇರುತ್ತದೆ ಎಂದು ತಿಳಿದುಕೊಂಡು ಅಲ್ಲೇ ಕಾಯಿರಿ. ಖಾಲಿ ಡಬ್ಬಿ ಅಥವಾ ಬಿದಿರಿನ ಕೊಳವೆ ಕಟ್ಟಿದ ಹಗ್ಗವನ್ನು ನೀರಿನ ಮೇಲೆ ತೇಲಿಬಿಟ್ಟು, ಎರಡು ತುದಿ ಹಿಡಿದು ಬಲೆ ಎಳೆದಂತೆ ದಡಕ್ಕೆ ತಂದರೆ ಒಂದು ಎಳೆತಕ್ಕೆ ಗುಡ್ಡದಷ್ಟು ಬರುತ್ತದೆ. ಬಿಡಿಸಿದ ಭಾಗಕ್ಕೆ ಮತ್ತೆ ತೇಲಿ ಬರದಂತೆ ಅದೇ ಹಗ್ಗವನ್ನು ಗೂಟಕ್ಕೆ ಕಟ್ಟಿ ಬೇಲಿ ಮಾಡಿ. ಕೊನೆಯ ಸುತ್ತಿನಲ್ಲಿ ಜೊಂಡಿನ ಬುಡ, ಕಲ್ಲಿನ ಸಂದಿ, ತೂಬಿನ ಬಾಯಿ ತಡಕಿ ನೋಡಬೇಕು. ಮರುಬೆಳೆ ಶುರುವಾಗುವುದು ಅಲ್ಲಿ ಉಳಿದ ಹತ್ತಾರು ಗಿಡಗಳಿಂದಲೇ.

ಜೊಂಡು ಕೊಯ್ದಷ್ಟೂ ಬರ್ತಿದೆ. ಏನ್ ಮಾಡ್ಲಿ?

ನೀವು ನೀರಿನ ಮೇಲೆ ಕೊಯ್ಯುತ್ತಿದ್ದೀರಿ. ಜೊಂಡಿನ, ಆಪಿನ ಗೆಡ್ಡೆಬೇರು ಗಾಳಿಯಿಲ್ಲದ ಕೆಸರಿನಲ್ಲಿ ಹೂತಿದೆ. ಅದರ ಉಸಿರು ಎಲೆಯೊಳಗಿನ ಟೊಳ್ಳಿನ ಮೂಲಕವೇ ಇಳಿಯಬೇಕು. ಒಣಗಿ ನಿಂತ ಹಳೆಯ ಕಡ್ಡಿಯೂ ಗಾಳಿ ಸಾಗಿಸುತ್ತದೆ. ಆದ್ದರಿಂದ ಹಸಿ, ಒಣ ಎರಡನ್ನೂ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಕೊಯ್ಯಬೇಕು. ಕೊಯ್ದ ಬಾಯಿ ಮುಳುಗಿಯೇ ಇದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಹೂಗೊನೆ ಹೊರಡುವ ಹೊತ್ತಿಗೆ ಬೇರಿನ ಸಂಗ್ರಹ ತೀರಾ ಕಡಿಮೆ ಇರುತ್ತದೆ, ಮೊದಲ ಕೊಯ್ಲು ಆಗ. ಮತ್ತೆ ಚಿಗುರಿ ತಲೆ ಎತ್ತಿದಾಗ ಎರಡನೆಯದು. ನೀರು ಏರುವ ಕಾಲಕ್ಕೆ ಮುಂಚೆ ಕೊಯ್ದರೆ ಅರ್ಧ ಕೆಲಸ ನೀರೇ ಮಾಡುತ್ತದೆ. ಹಕ್ಕಿಗಳು ಗೂಡು ಕಟ್ಟಿದ ತಿಂಗಳುಗಳಲ್ಲಿ ಮಾತ್ರ ದಯವಿಟ್ಟು ಕುಡುಗೋಲು ಇಳಿಸಬೇಡಿ.

ನೀರಿನೊಳಗಿರೋ ಕಳೆ ಎಳೆದ್ರೆ ತುಂಡಾಗುತ್ತೆ, ಆಮೇಲೆ ಜಾಸ್ತಿಯಾಗುತ್ತೆ. ನಿಜಾನಾ?

ನಿಜ. ಹೈಡ್ರಿಲ್ಲಾ, ಮಿಲ್‌ಫಾಯಿಲ್‌ನ ಒಂದೊಂದು ಗಿಣ್ಣೂ ಹೊಸ ಗಿಡವಾಗಬಲ್ಲದು. ರೇಕ್ ಹಾಕಿ ಜಗ್ಗುವ ಮುಂಚೆ ಕೆಲಸದ ಜಾಗದ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿ, ತೇಲುವ ಚೂರುಗಳನ್ನೆಲ್ಲ ಜರಡಿಯಲ್ಲಿ ಬಾಚಿ. ಕಡಿಮೆ ಇದ್ದರೆ ಬೆರಳನ್ನು ಕೆಸರಿಗಿಳಿಸಿ ಬೇರುಸಹಿತ ನಿಧಾನ ಎತ್ತುವುದೇ ಉತ್ತಮ. ಹೈಡ್ರಿಲ್ಲಾಗೆ ಕೆಸರಿನಲ್ಲಿ ಬಟಾಣಿ ಗಾತ್ರದ ಗೆಡ್ಡೆಗಳಿರುತ್ತವೆ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮೊಳೆಯುವ ಶಕ್ತಿ ಉಳಿಸಿಕೊಳ್ಳುತ್ತವೆ. ಒಂದು ಸಲಕ್ಕೆ ಇದು ಮುಗಿಯುವುದಿಲ್ಲ ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಸ್ನಾನದ ಜಾಗ, ದೋಣಿ ಕಟ್ಟೆಯಂಥ ಸಣ್ಣ ಭಾಗಕ್ಕೆ ತಳಹಾಸು ಹಾಸಬಹುದು. ದಪ್ಪ ಸೆಣಬಿನ ಬಟ್ಟೆ ಹರಡಿ, ಕಲ್ಲು ಹೇರಿ, ಎಂಟು ಹತ್ತು ವಾರ ಬಿಟ್ಟರೆ ಬೆಳಕಿಲ್ಲದೆ ಅಡಿಯ ಗಿಡ ಸಾಯುತ್ತದೆ. ಕೊಳೆತಾಗ ಏಳುವ ಗಾಳಿಗೆ ಹಾಸು ಬಲೂನಿನಂತೆ ಉಬ್ಬುತ್ತದೆ, ಹಾಗಾಗಿ ಗಾಳಿಯಾಡದ ಪ್ಲಾಸ್ಟಿಕ್ ಬೇಡ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಇದೂ ಬೇಡ.

ತೆಗೆದ ರಾಶಿ ಎಲ್ಲಿ ಹಾಕೋದು? ದಡದಲ್ಲೇ ಬಿಟ್ರೆ ಒಣಗಲ್ವಾ?

ನಾನು ಕಂಡ ಅತಿ ದೊಡ್ಡ ವ್ಯರ್ಥ ಇದೇ. ಒಂದು ಕೆರೆಯಲ್ಲಿ ಮೂರು ವಾರ ಕಷ್ಟಪಟ್ಟು ತೆಗೆದ ಕಳೆಯನ್ನು, ಸಾಗಿಸುವ ಹೊಣೆ ಹೊತ್ತವರು ನೀರಿನಿಂದ ಎರಡು ಮಾರು ದೂರಕ್ಕೆ ಸುರಿದು ಹೋದರು. ಮಳೆ ಬಂತು. ರಾಶಿಯಡಿಯಿಂದ ಚಹಾ ಡಿಕಾಕ್ಷನ್ ಬಣ್ಣದ ರಸ ಗೆರೆಗೆರೆಯಾಗಿ ಹರಿದು ಕೆರೆ ಸೇರುವುದನ್ನು ನಿಂತು ನೋಡಿದೆ. ಗಿಡ ತಿಂಗಳುಗಟ್ಟಲೆ ಹೀರಿ ಇಟ್ಟುಕೊಂಡಿದ್ದ ಗೊಬ್ಬರವೆಲ್ಲ ಮರಳಿ ನೀರಿಗೆ ಹೋಯಿತು.

ಹಯಸಿಂತ್‌ನಲ್ಲಿ ಸುಮಾರು ನೂರಕ್ಕೆ 95 ಪಾಲು ನೀರು. ಒಂದು ಟನ್ ಒಣಗಿದರೆ ಉಳಿಯುವುದು 50 ಕಿಲೋ ಆಸುಪಾಸು. ಅದಕ್ಕೇ ಒಂದು ದಿನ ಅಂಚಿನಲ್ಲಿ ತೆಳುವಾಗಿ ಹರಡಿ: ನೀರು ಬಸಿಯುತ್ತದೆ, ಬೇರಿನಲ್ಲಿ ಸಿಕ್ಕ ಸಣ್ಣ ಮೀನು, ಸಿಗಡಿ, ಬಸವನಹುಳುವನ್ನು ಆರಿಸಿ ನೀರಿಗೆ ಬಿಡಲೂ ಆಗುತ್ತದೆ. ಮಾರನೇ ದಿನವೇ ಕೆರೆಗೆ ನೀರು ಹರಿಯದ ಕಡೆಗೆ ಸಾಗಿಸಿ. ಒಣ ಎಲೆ, ಹುಲ್ಲು ಬೆರೆಸಿ ಪದರ ಪದರವಾಗಿ ಒಟ್ಟಿದರೆ ಒಳ್ಳೆಯ ಕಾಂಪೋಸ್ಟ್. ರಾಶಿಯ ನಡುವೆ ಕೈ ಇಡಲಾಗದಷ್ಟು ಬಿಸಿಯೇರಿದರೆ ಬೀಜವೂ ಸಾಯುತ್ತದೆ. ಕಾರ್ಖಾನೆ ನೀರು ಸೇರುವ ಕೆರೆಯದಾದರೆ ದನಕ್ಕೆ ಹಾಕಬೇಡಿ, ತರಕಾರಿ ಮಡಿಗೂ ಬೇಡ. ಈ ಗಿಡ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಮೈಯಲ್ಲಿ ಕೂಡಿಡುತ್ತದೆ.

ನೀರಿಗಿಳಿಯೋಕೆ ಭಯ ಆಗುತ್ತೆ. ಏನು ಎಚ್ಚರಿಕೆ ಬೇಕು?

ಭಯ ಸರಿಯಾದದ್ದೇ. ಕಳೆಯಡಿ ಹೂಳಿನ ಆಳ ಕಣ್ಣಿಗೆ ಕಾಣದು, ಮುಂದೆ ಕೋಲು ಊರಿ ನೋಡದೆ ಹೆಜ್ಜೆ ಇಡಬೇಡಿ. ಒಬ್ಬರೇ ಇಳಿಯಬೇಡಿ. ಲೈಫ್ ಜಾಕೆಟ್, ಗಮ್‌ಬೂಟ್, ಕೈಗವಸು ಇರಲಿ. ಬೂಟಿನೊಳಗೆ ನೀರು ತುಂಬುವಷ್ಟು ಆಳಕ್ಕೆ ಹೋಗಬೇಡಿ. ಹಾವು, ಗಾಜು ಎರಡೂ ಇರುತ್ತವೆ. ಇಲಿ ಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್ ಗಾಯದ ಮೂಲಕ ಒಳಸೇರುತ್ತದೆ, ಕೈಕಾಲಿನಲ್ಲಿ ಗಾಯವಿದ್ದರೆ ಆ ದಿನ ದಡದ ಕೆಲಸ ವಹಿಸಿಕೊಳ್ಳಿ. ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ ನೀರಿನಲ್ಲಿ ವಿಷಕಾರಿ ನೀಲಿ-ಹಸಿರು ಪಾಚಿ ಇರಬಹುದು, ಅದಕ್ಕೆ ಇಳಿಯಲೇಬೇಡಿ, ನಾಯಿ ದನಗಳನ್ನೂ ಬಿಡಬೇಡಿ.

## ಔಷಧ, ಮೀನು, ಹುಳು

ಒಂದು ಸಲ ಔಷಧ ಹೊಡೆದ್ರೆ ಮುಗೀತಲ್ಲ, ಯಾಕಿಷ್ಟು ಕಷ್ಟ?

ಔಷಧಕ್ಕೆ, ಅಂದರೆ ಕಳೆನಾಶಕಕ್ಕೆ, ಅದರದೇ ಜಾಗವಿದೆ, ಆದರೆ ಅದು ಕೊನೆಯ ಆಯ್ಕೆ. ಗ್ಲೈಫೋಸೇಟ್ ನೀರಿನ ಮೇಲಿರುವ ಎಲೆಗೆ ಬಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಮುಳುಗಿದ ಗಿಡಕ್ಕೆ ನಾಟುವುದಿಲ್ಲ. ಡೈಕ್ವಾಟ್ ಮಣ್ಣಿನ ಕಣಕ್ಕೆ ಅಂಟಿ ನಿಷ್ಫಲವಾಗುವುದರಿಂದ ಕದಡಿದ ನೀರಿನಲ್ಲಿ ಹಣ ದಂಡ. ಫ್ಲುರಿಡೋನ್ ವಾರಗಟ್ಟಲೆ ಅದೇ ಪ್ರಮಾಣದಲ್ಲಿ ನೀರಿನಲ್ಲಿ ಉಳಿಯಬೇಕು, ಹರಿಯುವ ನೀರಿಗೆ ಅದು ಒಗ್ಗದು. ಹೊಲಕ್ಕೆ ಮಾರುವ ಡಬ್ಬಿಯನ್ನು ಕೆರೆಗೆ ತರಲೇಬೇಡಿ: ಅಂಥ ಕೆಲವು ಗ್ಲೈಫೋಸೇಟ್ ಮಿಶ್ರಣಗಳಲ್ಲಿ ಎಲೆಗೆ ಅಂಟಲೆಂದು ಬೆರೆಸುವ ದ್ರಾವಣವೇ ಕಪ್ಪೆ, ಮೀನುಗಳಿಗೆ ಹೆಚ್ಚು ವಿಷ. ನೀರಿನಲ್ಲಿ ಬಳಸಲು ಒಪ್ಪಿಗೆ ಇರುವುದು, ಅನುಮತಿ, ತರಬೇತಿ ಪಡೆದ ಕೈ, ಎಷ್ಟು ದಿನ ಆ ನೀರನ್ನು ಕುಡಿಯಲು ಮತ್ತು ಬೆಳೆಗೆ ಬಳಸಬಾರದು ಎಂಬ ಲೇಬಲ್ಲಿನ ಮಾತು, ಇಷ್ಟೂ ಇಲ್ಲದೆ ಒಂದು ಹನಿಯೂ ಬೇಡ.

ಹೊಡೆದ ಮೂರನೇ ದಿನ ಮೀನೆಲ್ಲ ತೇಲಿದ್ವು. ವಿಷ ಜಾಸ್ತಿಯಾಯ್ತಾ?

ಬಹಳ ಸಲ ಮೀನನ್ನು ಕೊಲ್ಲುವುದು ಔಷಧವಲ್ಲ, ಉಸಿರಾಟದ ಕೊರತೆ. ಸತ್ತ ಗಿಡ ಒಮ್ಮೆಲೇ ಕೊಳೆಯುವಾಗ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಬರಿದು ಮಾಡುತ್ತವೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಹೆಚ್ಚಿನ ಮೀನು ಆರಾಮ. 2-3ಕ್ಕೆ ಇಳಿದರೆ ಕಂಗೆಡುತ್ತವೆ. ರಾತ್ರಿ ಗಿಡಗಳೂ ಉಸಿರಾಡುವುದರಿಂದ ಬೆಳಗಿನ ಜಾವ ಅತಿ ಕಡಿಮೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಕೊನೆಯ ಎಚ್ಚರಿಕೆ. ಆದ್ದರಿಂದ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಲ್ಲಬಾರದು, ಎರಡು ಸುತ್ತಿನ ನಡುವೆ ಎರಡು ವಾರವಾದರೂ ಬಿಡಬೇಕು. ಕೊಯ್ದು ನೀರಿನಲ್ಲೇ ಬಿಟ್ಟ ಕಳೆಗೂ ಇದೇ ಮಾತು ಅನ್ವಯ.

ಹುಲ್ಲುಗೆಂಡೆ ಮೀನು ಬಿಟ್ರೆ ಕಳೆ ತಿಂದು ಹಾಕುತ್ತಂತೆ?

ಮುಳುಗಿದ ಮೆತ್ತನೆಯ ಕಳೆಯನ್ನು ತಿನ್ನುತ್ತದೆ. ಹಯಸಿಂತ್, ಬಲಿತ ಜೊಂಡನ್ನು ಮೂಸುವುದೂ ಕಷ್ಟ. ತೊಂದರೆ ಏನೆಂದರೆ ನಮಗೆ ಬೇಡದ್ದಕ್ಕಿಂತ ಮೊದಲು ತನಗೆ ರುಚಿಯಾದದ್ದನ್ನು ತಿನ್ನುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ, ತಿಂದದ್ದು ಹಿಕ್ಕೆಯಾಗಿ ಮತ್ತೆ ನೀರಿಗೇ ಗೊಬ್ಬರ. ಸಂಖ್ಯೆ ಹೆಚ್ಚಾದರೆ ತಳ ಬೋಳಾಗಿ ಪಾಚಿ ಏಳುತ್ತದೆ. ಮೂಲತಃ ಪೂರ್ವ ಏಷ್ಯಾದ ನದಿಗಳ ಮೀನಿದು. ಅಮೆರಿಕದ ಅನೇಕ ರಾಜ್ಯಗಳು ಮರಿ ಹಾಕಲಾಗದ ಟ್ರಿಪ್ಲಾಯ್ಡ್ ತಳಿಗೆ ಮಾತ್ರ ಅನುಮತಿ ಕೊಡುವುದು ಅದಕ್ಕಾಗಿ.

ಹುಳು ಬಿಟ್ಟು ಕಳೆ ನಾಶ ಮಾಡಿದ ಕತೆ ನಿಜಾನಾ?

ನಿಜ, ಮತ್ತು ನನಗೆ ತುಂಬ ಇಷ್ಟವಾದ ಕತೆ. ಸಾಲ್ವೀನಿಯಾವನ್ನು ಬಹಳ ಕಾಲ ಬೇರೊಂದು ಜಾತಿ ಎಂದು ತಿಳಿದು, ಆ ಜಾತಿಯ ಮೇಲೆ ಬದುಕುವ ಹುಳುವನ್ನು ತಂದು ಬಿಟ್ಟು ಸೋತಿದ್ದರು. 1972ರಲ್ಲಿ ಅದು ಬೇರೆಯೇ ಪ್ರಭೇದ ಎಂದು ಹೆಸರಿಡಲಾಯಿತು. ಅದರ ತವರು ಆಗ್ನೇಯ ಬ್ರೆಜಿಲ್ ಎಂದು ಪತ್ತೆಯಾಗಿ, ಅಲ್ಲಿಂದ ತಂದ ಸಿರ್ಟೊಬೇಗಸ್ ಸಾಲ್ವೀನಿಯೆ ಎಂಬ ಎಳ್ಳುಕಾಳಿನಷ್ಟು ಚಿಕ್ಕ ಮೂತಿಹುಳುವನ್ನು 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರ ಸರೋವರಕ್ಕೆ ಬಿಟ್ಟರು. ಮರುವರ್ಷದ ಹೊತ್ತಿಗೆ ಸಾವಿರಾರು ಟನ್ ಕಳೆ ಕಂದಾಗಿ ಮುಳುಗಿಹೋಗಿತ್ತು. ಗಿಡದ ಹೆಸರನ್ನು ಸರಿಯಾಗಿ ಹಿಡಿಯುವುದಕ್ಕೆ ಎಷ್ಟು ಬೆಲೆ ಎಂದು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ.

ಹಯಸಿಂತ್‌ಗೆ ನಿಯೋಕೆಟೀನಾ ಜಾತಿಯ ಎರಡು ಮೂತಿಹುಳುಗಳಿವೆ. ಬೆಳೆದ ಹುಳು ಎಲೆಯ ಮೇಲೆ ಚೌಕ ಚೌಕವಾಗಿ ಕೆರೆದ ಗುರುತು ಬಿಡುತ್ತದೆ, ಮರಿ ತೊಟ್ಟಿನೊಳಗೆ ಸುರಂಗ ಕೊರೆಯುತ್ತ ಬುಡ ಸೇರುತ್ತದೆ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 1990ರ ದಶಕದಲ್ಲಿ ಇವನ್ನು ಬಿಟ್ಟ ಕೆಲವು ವರ್ಷಗಳಲ್ಲಿ ಕಳೆ ಬಹುಪಾಲು ಇಳಿಯಿತು. ಆದರೂ ಗೊಬ್ಬರದ ನೀರು ಹರಿಯುವ ಕೊಲ್ಲಿಗಳಲ್ಲಿ ಮತ್ತೆ ಏಳುತ್ತಲೇ ಇದೆ. ಹುಳುವಿನ ಕೆಲಸಕ್ಕೆ ತಾಳ್ಮೆ ಬೇಕು, ನಡುವೆ ಔಷಧ ಹೊಡೆದರೆ ಹುಳುವೂ ಹೋಗುತ್ತದೆ. ಇವನ್ನು ಸಂಶೋಧನಾ ಸಂಸ್ಥೆಗಳ ಮೂಲಕವೇ ತರಬೇಕು.

## ಸ್ವಲ್ಪ ಆಳಕ್ಕೆ

ಕಳೆಯೆಲ್ಲ ತೆಗೆದ್ವಿ, ಈಗ ನೀರೇ ಹಸಿರಾಗಿದೆ. ಎಲ್ಲಿ ಎಡವಿದ್ವಿ?

ಗಿಡ ಹೀರುತ್ತಿದ್ದ ಗೊಬ್ಬರ, ಅದು ತಡೆದಿದ್ದ ಬೆಳಕು ಎರಡೂ ಈಗ ಪಾಚಿಗೆ ಸಿಗುತ್ತಿವೆ. ಮುಂದಿನ ಸಲ ಪಟ್ಟಿ ಪಟ್ಟಿಯಾಗಿ ತೆಗೆಯಿರಿ, ತೆರವಾದ ಅಂಚಿಗೆ ಸ್ಥಳೀಯ ಜಲಸಸ್ಯಗಳನ್ನು ಕೂಡಲೇ ನೆಡಿ. ತಳ ಕೆದಕುವ ಮೀನುಗಳು ವಿಪರೀತ ಇದ್ದರೆ ಅವನ್ನು ಕಡಿಮೆ ಮಾಡದೆ ಸಸಿ ನಿಲ್ಲದು. ದಡದ ಮೇಲೆ ಐದಾರು ಮೀಟರ್ ಅಗಲಕ್ಕಾದರೂ ಆಳಬೇರಿನ ಹುಲ್ಲು, ಪೊದೆ ಬೆಳೆಯಲು ಬಿಡಿ, ಹರಿದು ಬರುವ ಮಣ್ಣು ಅಲ್ಲೇ ನಿಲ್ಲುತ್ತದೆ.

ಚರಂಡಿ ತಿರುಗಿಸಿ ಮೂರು ವರ್ಷ ಆಯ್ತು, ಇನ್ನೂ ಕಡಿಮೆ ಆಗಿಲ್ಲ ಯಾಕೆ?

ಹೂಳಿನಲ್ಲಿ ಹಳೆಯ ರಂಜಕ ಕೂತಿದೆ. ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣದ ಜೊತೆ ಬೆಸೆದಿದ್ದ ರಂಜಕ ಬಿಡಿಸಿಕೊಂಡು ಮೇಲೇಳುತ್ತದೆ. ಹೂಳೆತ್ತುವುದು, ತಳಕ್ಕೆ ಗಾಳಿ ಊದುವುದು, ಆಲಂ (ಪಟಿಕ) ಹಾಕಿ ರಂಜಕವನ್ನು ಕಟ್ಟಿಹಾಕುವುದು ಇದಕ್ಕಿರುವ ದಾರಿಗಳು. ಮೂರಕ್ಕೂ ಅಳತೆ, ತಜ್ಞರ ಲೆಕ್ಕ ಬೇಕು. ಆಲಂ ಪ್ರಮಾಣ ತಪ್ಪಿದರೆ ನೀರು ಆಮ್ಲೀಯವಾಗಿ ಮೀನು ಸಾಯುತ್ತದೆ. ಹೊರಗಿನ ಹರಿವು ನಿಂತಿರುವುದು ನಿಜವೇ ಎಂದು ಮಳೆಗಾಲದಲ್ಲಿ ಮತ್ತೊಮ್ಮೆ ನೋಡದೆ ಇವಕ್ಕೆ ಕೈಹಾಕಬೇಡಿ.

ಕೊಯ್ಯೋ ಯಂತ್ರ ತರ್ಸೋದು ಲಾಭಾನಾ?

ದೊಡ್ಡ ಕೆರೆಗೆ, ದಟ್ಟ ಕಳೆಗೆ ಲಾಭ. ರಾಶಿಯನ್ನು ಇಳಿಸುವ ಜಾಗ ಹತ್ತಿರವಿರಬೇಕು. ಕತ್ತರಿಸಿ ನೀರಿಗೇ ಬಿಡುವ ಯಂತ್ರ ಬೇಡ, ಎತ್ತಿ ಹೊರಹಾಕುವುದೇ ಆಗಬೇಕು. ತುಂಡಿನಿಂದ ಬೆಳೆಯುವ ಕಳೆ ಕೆರೆಯ ಒಂದು ಮೂಲೆಯಲ್ಲಷ್ಟೇ ಇದ್ದರೆ ಯಂತ್ರ ಅದನ್ನು ಇಡೀ ಕೆರೆಗೆ ಬಿತ್ತುತ್ತದೆ.

ಬೇರೆ ಕೆರೆಯಿಂದ ನಮಗೆ ಬರದ ಹಾಗೆ ತಡೆಯೋದು ಹೇಗೆ?

ದೋಣಿ, ಬಲೆ, ಬೂಟು, ರೇಕ್ ಯಾವುದೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಅಂಟಿದ ಚೂರುಗಳನ್ನು ತೆಗೆದು, ನೀರು ಬಸಿದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಬೇಕು. ಅಕ್ವೇರಿಯಂ ಗಿಡವನ್ನು ಕನಿಕರಕ್ಕೆಂದು ಕೆರೆಗೆ ಬಿಡುವವರಿಗೂ ಇದನ್ನು ತಿಳಿಹೇಳಿ. ಹೈಡ್ರಿಲ್ಲಾ, ಸಾಲ್ವೀನಿಯಾ ಎಷ್ಟೋ ಕಡೆ ಹಾಗೆಯೇ ಒಳಬಂದವು.

ನಮ್ಮ ಕೆಲಸ ಫಲ ಕೊಡ್ತಿದೆ ಅಂತ ತಿಳಿಯೋದು ಹೇಗೆ?

ಕಣ್ಣಂದಾಜು ಸಾಲದು. ಪ್ರತಿ ತಿಂಗಳು ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಒಂದು ಫೋಟೊ ತೆಗೆಯಿರಿ. 20 ಸೆಂಟಿಮೀಟರ್ ಅಗಲದ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು ಬಿಳುಪು ಬಳಿದು, ನಡುವೆ ಭಾರ ಕಟ್ಟಿ, ಗುರುತು ಹಾಕಿದ ದಾರದಲ್ಲಿ ನೀರಿಗಿಳಿಸಿ. ತಟ್ಟೆ ಕಣ್ಮರೆಯಾಗುವ ಆಳವೇ ನೀರಿನ ತಿಳಿತನದ ಅಳತೆ. ಇಟಲಿಯ ವಿಜ್ಞಾನಿ ಏಂಜೆಲೊ ಸೆಕ್ಕಿ 1865ರಲ್ಲಿ ಕಡಲಿನಲ್ಲಿ ಮಾಡಿ ನೋಡಿದ ಉಪಾಯ, ಇಂದಿಗೂ ಇದಕ್ಕಿಂತ ಅಗ್ಗದ ಉಪಕರಣ ಬಂದಿಲ್ಲ. ಮಧ್ಯಾಹ್ನದ ಹೊತ್ತು, ನೆರಳಿರುವ ಕಡೆಯಿಂದ ನೋಡಿ, ದಿನಾಂಕದ ಜೊತೆ ಬರೆದಿಡಿ. ತೆಗೆದ ಕಳೆ ಎಷ್ಟು ಬುಟ್ಟಿ ಎಂದೂ ಬರೆಯಿರಿ. ಎರಡನೇ ವರ್ಷ ಬುಟ್ಟಿಯ ಎಣಿಕೆ ಇಳಿದು ತಟ್ಟೆ ಕಾಣುವ ಆಳ ಒಂದು ಗೇಣಾದರೂ ಹೆಚ್ಚಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಬುಟ್ಟಿಯೂ ಇಳಿದು ಆಳವೂ ಇಳಿದಿದ್ದರೆ ಅಗತ್ಯಕ್ಕಿಂತ ಹೆಚ್ಚು ಕಿತ್ತಿದ್ದೀರಿ, ಒಂದು ಹಂಗಾಮು ಕೈ ತಡೆದು ಅಂಚಿನಲ್ಲಿ ಗಿಡ ನೆಡಿ.